ನೌಕರರಿಗೂ ಒಂದು ಅಂಕಪಟ್ಟಿ

ನಿಮ್ಮ ಅಂಕಪಟ್ಟಿಯನ್ನು ಶಾಲೆಯವರು ಬೀರುವಿನಲ್ಲಿಟ್ಟು ಬೀಗ ಹಾಕಿದರೆಂದುಕೊಳ್ಳಿ. ಎಷ್ಟು ಅಂಕ ಬಂತೆಂದು ನಿಮಗೂ ಹೇಳುವುದಿಲ್ಲ, ಹೆತ್ತವರಿಗೂ ಹೇಳುವುದಿಲ್ಲ. ವರ್ಷದ ಕೊನೆಗೆ ಮಾತ್ರ ‘ಮುಂದಿನ ತರಗತಿಗೆ ನೀನು ಅರ್ಹನಲ್ಲ’ ಎನ್ನುತ್ತಾರೆ. ಇದೆಂಥ ನ್ಯಾಯ ಎಂದು ಕೇಳುವಿರಲ್ಲವೇ?

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ನಡೆದಿತ್ತು. ಮೇಲಧಿಕಾರಿ ವರ್ಷಕ್ಕೊಮ್ಮೆ ಕೈಕೆಳಗಿನವರ ಕೆಲಸ, ನಡತೆಗಳ ಬಗ್ಗೆ ‘ಗೌಪ್ಯ ವರದಿ’ ಬರೆದಿಡುತ್ತಿದ್ದರು. ಬಡ್ತಿಯ ಸಮಿತಿ ಅದನ್ನೇ ನೋಡುತ್ತಿತ್ತು. ಪ್ರತಿಕೂಲ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವ ಪದ್ಧತಿ.

ಗಡಿ ರಸ್ತೆ ಸೇವೆಯ ಎಂಜಿನಿಯರ್ ದೇವ್ ದತ್ ಅವರಿಗೆ 1993-94ರ ವರದಿಯಲ್ಲಿ ‘ಉತ್ತಮ’ ಎಂದು ಬರೆಯಲಾಗಿತ್ತು. ಬಡ್ತಿಗೆ ಬೇಕಾಗಿದ್ದುದು ‘ಅತ್ಯುತ್ತಮ’. ‘ಉತ್ತಮ’ವೇ ಅವರ ಬಡ್ತಿಗೆ ಅಡ್ಡ ಬಂತು, ಆ ಷರಾ ಅವರಿಗೆ ತಿಳಿದೇ ಇರಲಿಲ್ಲ. 2008ರ ಮೇನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತು, ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು! 2009ರಲ್ಲಿ ಕೇಂದ್ರ ಸರ್ಕಾರ ಪೂರ್ತಿ ವರದಿಯನ್ನು ನೌಕರನಿಗೆ ತೋರಿಸಿ, ಆಕ್ಷೇಪಣೆಗೆ 15 ದಿನ ಕೊಡಬೇಕೆಂದು ಆದೇಶಿಸಿತು.

ಇದು ಸ್ವಾಗತಾರ್ಹ ಸುಧಾರಣೆ. ಆದರೆ ಬೀಗ ತೆಗೆದ ಮಾತ್ರಕ್ಕೆ ಅಂಕಪಟ್ಟಿ ಸತ್ಯ ಹೇಳುತ್ತದೆಯೇ? ನೌಕರನೇ ಓದುವ ವರದಿಯಲ್ಲಿ ಕಟುಸತ್ಯ ಬರೆದು ನಿಷ್ಠುರ ಕಟ್ಟಿಕೊಳ್ಳುವುದೇಕೆಂದು ಎಲ್ಲರಿಗೂ ‘ಅತ್ಯುತ್ತಮ’ ಬರೆದುಬಿಡುವುದು ಸುಲಭ. ಆಗ ದುಡಿಯುವವನೂ ಒಂದೇ, ಮೈಗಳ್ಳನೂ ಒಂದೇ. ನಮ್ಮವರೇ ಆದ ಎಂ. ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2008ರಲ್ಲೇ ಸಿಬ್ಬಂದಿ ಆಡಳಿತದ ಬಗ್ಗೆ ವರದಿ ಕೊಟ್ಟಿತು. 14 ವರ್ಷ ಹಾಗೂ 20 ವರ್ಷ ಸೇವೆ ಮುಗಿದಾಗ ಅಧಿಕಾರಿಗಳ ಕೆಲಸವನ್ನು ಕೂಲಂಕಷವಾಗಿ ಪರಿಶೀಲಿಸಬೇಕೆಂಬುದು ಅದರ ಸಲಹೆಗಳಲ್ಲೊಂದು.

ಇದರಿಂದ ನಮಗೇನು ಎನ್ನಬೇಡಿ. ಜಾತಿ, ಆದಾಯ ಪ್ರಮಾಣಪತ್ರ ಒಂದು ವಾರ ತಡವಾದರೆ ವಿದ್ಯಾರ್ಥಿವೇತನ ಕೈತಪ್ಪೀತು, ಸೀಟೂ ಕೈತಪ್ಪೀತು. ಕರ್ನಾಟಕದ 2011ರ ‘ಸಕಾಲ’ ಕಾಯಿದೆ ಇಂಥ ಸೇವೆಗಳಿಗೆ ಗಡುವು ಗೊತ್ತುಮಾಡಿದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಹೇಳಿದೆ. ಎಷ್ಟು ಅರ್ಜಿ ಬಂತು, ಎಷ್ಟು ಗಡುವಿನೊಳಗೆ ಮುಗಿಯಿತು ಎಂಬುದರ ಲೆಕ್ಕ ಕಂಪ್ಯೂಟರಿನಲ್ಲಿ ಸಿಗುತ್ತದೆ. ಈ ಲೆಕ್ಕವೇ ನೌಕರನ ವಾರ್ಷಿಕ ವರದಿಯ ಮೊದಲ ಪುಟವಾಗಬೇಕು. ಸಾಹೇಬರ ಮರ್ಜಿಗಿಂತ ಅದು ಹೆಚ್ಚು ನಂಬಲರ್ಹ. ಸಿಬ್ಬಂದಿ ಕೊರತೆಯಿಂದ ತಡವಾಗಿದ್ದರೆ ಅದನ್ನೂ ಅಲ್ಲೇ ನಮೂದಿಸಲಿ. ಮೂವರ ಕೆಲಸ ಒಬ್ಬರೇ ಮಾಡುತ್ತಿದ್ದರೆ ತಪ್ಪು ಅವರದಲ್ಲ.

ಮುಂದಿನ ಬಾರಿ ಅರ್ಜಿ ಕೊಡುವಾಗ ಸಕಾಲದ ಸ್ವೀಕೃತಿ ಚೀಟಿಯನ್ನು ತಪ್ಪದೆ ಕೇಳಿ ಪಡೆಯಿರಿ. ನಿಮ್ಮಲ್ಲಿ ಅನೇಕರು ನಾಳೆ ಅದೇ ಕಚೇರಿಯ ಕುರ್ಚಿಯಲ್ಲಿ ಕೂರುವವರು. ನಿಮ್ಮ ಅಂಕಪಟ್ಟಿ ಹೇಗಿರಬೇಕೆಂದು ಈಗಲೇ ಯೋಚಿಸಿ.