ಕ್ಯಾಚ್ ಬಿಟ್ಟ ಮುಸ್ತಾಫಾನಿಗೆ ಜಾಗ ಎಲ್ಲಿ?

‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರವನ್ನು ನಮ್ಮ ಗೆಳೆಯರ ಪೈಕಿ ಹೊಗಳದವರಿಲ್ಲ. ಪ್ರಗತಿಪರರು ಹೊಗಳಿದರು, ಪತ್ರಿಕೆಗಳು ಹೊಗಳಿದವು, ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟು ಬೆನ್ನು ತಟ್ಟಿತು. ಹೊಗಳಲಿ. ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಸುಮಾರು ನೂರು ಜನ ಸೇರಿ ಕೈಯಿಂದ ದುಡ್ಡು ಹಾಕಿ ಮಾಡಿದ ಚಿತ್ರ ಅದು. ಶಶಾಂಕ್ ಸೋಗಾಲ್ ಎಂಬ ಹೊಸಬರು ನಿರ್ದೇಶಿಸಿದರು, ಡಾಲಿ ಧನಂಜಯ ಬೆಂಬಲಕ್ಕೆ ನಿಂತರು. 2023ರ ಮೇ 19ಕ್ಕೆ ತೆರೆಗೆ ಬಂತು. ನಾನೂ ನೋಡಿದೆ, ಹೊಟ್ಟೆ ಹಿಡ್ಕೊಂಡು ನಕ್ಕೆ. ಆದರೆ ಹೊರಗೆ ಬಂದ ಮೇಲೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಏನೋ ಒಂದು ಒಳಗೇ ಉಳಿದುಕೊಂಡಿತು.

ಕಥೆ ನಿಮಗೆ ಗೊತ್ತು. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ತರಗತಿಗೆಲ್ಲಾ ಅವನೊಬ್ಬನೇ ಸಾಬಿ. ಅವನ ಉದ್ದನೆಯ ಹೆಸರೇ ಒಂದು ತಮಾಷೆ. ಮುಸಲ್ಮಾನರ ಬಗ್ಗೆ ಆ ಹುಡುಗರಿಗೆ ಗೊತ್ತಿರೋದು ಬರೀ ಗಾಳಿಸುದ್ದಿ. ರಾಮಾನುಜ ಅಯ್ಯಂಗಾರಿಯ ಗುಂಪಿಗಂತೂ ಅವನನ್ನು ಕಂಡರಾಗದು. ಕೀಟಲೆ, ಪಿತೂರಿ, ಜಗಳ, ಕೊನೆಗೆ ಕ್ರಿಕೆಟ್ಟು. ಆಟ ಮುಗಿಯುವ ಹೊತ್ತಿಗೆ ಮುಸ್ತಾಫಾ ಎಲ್ಲರ ಮುಸ್ತಾಫಾ ಆಗುತ್ತಾನೆ.

ಈ ಕಥೆ ಇರುವ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಬಂದದ್ದು 1973ರಲ್ಲಿ. ಅದೇ ವರ್ಷದ ನವೆಂಬರಿನಲ್ಲೇ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದು. ಅದಕ್ಕೆ ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದದ್ದು, ಅವರು ಮಂತ್ರಿ ಪದವಿ ಬಿಡಬೇಕಾಗಿ ಬಂದದ್ದು. ಆ ಕಾಲದ ಕಾಲೇಜು ತರಗತಿ ಎಂಥದೆಂದು ನಮ್ಮ ಹಿರಿಯರ ಬೆನ್ನಿಗೆ ಗೊತ್ತು. ಅದಕ್ಕೇ ಕೇಳುತ್ತೇನೆ: ಅಬಚೂರಿನ ಆ ತರಗತಿಯಲ್ಲಿ ಕೇರಿಯ ಹುಡುಗ ಎಲ್ಲಿ ಕೂತಿದ್ದ? ತೆರೆಯ ಮೇಲೆ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಮುಸ್ತಾಫಾ ಬರುವ ಮುಂಚೆ ಅಲ್ಲಿ ಎಲ್ಲರೂ ಒಂದೇ, ಅವನೊಬ್ಬನೇ ಬೇರೆ, ಎಂಬಂತಿದೆ ಆ ತರಗತಿ. ಇದು ಶುದ್ಧ ಸುಳ್ಳು. ಎದುರಿಗೆ ಮುಸ್ಲಿಮನೊಬ್ಬನನ್ನು ನಿಲ್ಲಿಸಿದಾಗ ಮಾತ್ರ ನಾವು ಹಿಂದೂಗಳು. ಅವನು ಆ ಕಡೆ ಹೋದ ಕೂಡಲೇ ನಾವು ಮತ್ತೆ ಹೊಲೆಯ ಮಾದಿಗರು.

ನಾನು ಓದಿದ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರಿಗೆ ಯಾರೂ ನಗಲಿಲ್ಲ. ಸ್ಕಾಲರ್‌ಶಿಪ್ಪಿನ ದಿನ ಗುಮಾಸ್ತ ಬಾಗಿಲಲ್ಲಿ ನಿಂತು ‘ಎಸ್ಸಿಗಳೆಲ್ಲಾ ಎದ್ದು ಬರ್ರಪ್ಪಾ’ ಅಂತಿದ್ದ. ನಾವು ಆರು ಜನ ಏಳುತ್ತಿದ್ದೆವು. ಮಿಕ್ಕವರು ಸುಮ್ಮನೆ ನೋಡುತ್ತಿದ್ದರು. ಒಬ್ಬರೂ ನಗುತ್ತಿರಲಿಲ್ಲ. ಅದನ್ನು ಯಾರಾದರೂ ತಮಾಷೆ ಚಿತ್ರ ಮಾಡಲಿ, ನೋಡೋಣ.

ಇನ್ನು ಮುಳ್ಳಿನ ವಿಷಯ. ಮುಸ್ತಾಫಾನಿಗೆ ಬೆಂಚು ಸಿಕ್ಕಿದ್ದು ಯಾಕೆ? ಅವನು ಡೇರ್‌ಡೆವಿಲ್ ಆದದ್ದರಿಂದ. ಅಯ್ಯಂಗಾರಿ ಬರೀ ರಾಮಾನುಜ ಅಯ್ಯಂಗಾರಿಯಾಗಿ ಹುಟ್ಟಿದರೆ ಸಾಕು, ಬೆಂಚು ಅವನದೇ. ಅವನು ಯಾವ ಸಾಹಸವನ್ನೂ ಮಾಡಿ ತೋರಿಸಬೇಕಾಗಿಲ್ಲ. ಮುಸ್ತಾಫಾ ಮಾತ್ರ ಪರೀಕ್ಷೆ ಬರೆಯಬೇಕು. ಪ್ರಶ್ನೆ ಪತ್ರಿಕೆ ಅವರದು, ಮೌಲ್ಯಮಾಪನವೂ ಅವರದೇ. ಸೈಯದ್ ಕಿರ್ಮಾನಿ 1983ರ ವಿಶ್ವಕಪ್ಪಿನಲ್ಲಿ ವಿಕೆಟ್ಟಿನ ಹಿಂದೆ ನಿಂತು ಕ್ಯಾಚು ಹಿಡಿದರು, ನಮ್ಮವರಾದರು. ನಿಸಾರ್ ಅಹಮದ್ ಕನ್ನಡ ತಾಯಿಗೆ ನಿತ್ಯೋತ್ಸವ ಹಾಡಿದರು, ನಮ್ಮವರಾದರು. ಸಂತೋಷ. ಆದರೆ ಕ್ಯಾಚು ಬಿಟ್ಟವನು? ಪದ್ಯ ಬರೆಯದವನು? ಪಂಕ್ಚರ್ ಹಾಕಿಕೊಂಡು, ಪಿಯುಸಿಯಲ್ಲಿ ಎರಡು ಸಲ ಫೇಲಾಗಿ, ಯಾರ ಮನಸ್ಸನ್ನೂ ಗೆಲ್ಲದೆ ಬದುಕುವ ಸಾಧಾರಣ ಮುಸ್ತಾಫಾ? ಅವನ ಬೆಂಚು ಎಲ್ಲಿದೆ, ತೋರಿಸಿ.

ಗೆದ್ದರೂ ಮುಗಿಯುವುದಿಲ್ಲ ಅನ್ನೋದು ಬೇರೆ ಮಾತು. ನಮ್ಮ ಬಂಡಾಯದ ಅಂಗಳದಲ್ಲೇ ಬೆಳೆದ ಬಾನು ಮುಷ್ತಾಕ್ ಅವರು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ತಂದರು. ಕನ್ನಡಕ್ಕೆ ಅದೇ ಮೊದಲು. ಇದಕ್ಕಿಂತ ದೊಡ್ಡ ಸಿಕ್ಸರ್ ಯಾವುದು? ಅದೇ ವರ್ಷ ದಸರಾ ಉದ್ಘಾಟನೆಗೆ ಕರೆದ ತಕ್ಷಣ ‘ಚಾಮುಂಡಿಗೆ ಹೂ ಹಾಕಲು ಇವರ್ಯಾರು?’ ಅಂತ ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ಬಿದ್ದುಹೋಯಿತು. ಸೆಪ್ಟೆಂಬರ್ 22ರಂದು ಅವರು ಬೆಟ್ಟ ಹತ್ತಿ ಹೂ ಹಾಕಿದರು. ಬೂಕರ್ ಗೆದ್ದವರಿಗೇ ಈ ಪಾಡು.

ಅಬಚೂರು ಬಿಡಿ, ನಮ್ಮ ಬೆಂಗಳೂರು ದಂಡಿಗೆ ಬನ್ನಿ. ನಾನು ಬೆಳೆದದ್ದು ಶಿವಾಜಿನಗರದಲ್ಲಿ. ಹಳಬರ ಬಾಯಲ್ಲಿ ಅದು ಬ್ಲಾಕ್‌ಪಲ್ಲಿ. 1949ರವರೆಗೆ ದಂಡಿನದು ಬೇರೆಯೇ ಮುನಿಸಿಪಾಲಿಟಿ. ಪಲ್ಟನ್ನಿನ ಚಾಕರಿಗೆ ಬಂದ ತಮಿಳು ಪರೆಯರು, ದಖನಿ ಮಾತಿನ ಮುಸಲ್ಮಾನರು, ತೆಲುಗು ಕನ್ನಡದ ಕೂಲಿಗಳು ಒಂದೇ ನಲ್ಲಿಗೆ ಕೊಡ ಹಿಡಿದ ಜಾಗ. ಸೆಪ್ಟೆಂಬರಿನ ಮೇರಿಯಮ್ಮನ ತೇರಿಗೆ ಕಾವಿ ಉಟ್ಟು ಬರುವವರಲ್ಲಿ ಹಿಂದೂ ಎಷ್ಟು, ಕ್ರಿಶ್ಚಿಯನ್ ಎಷ್ಟು, ಎಣಿಸೋಕೆ ಹೋದವನಿಗೆ ತಲೆ ಕೆಡುತ್ತದೆ. ನಮ್ಮವ್ವ ಭಾನುವಾರ ರಸೆಲ್ ಮಾರ್ಕೆಟ್ಟಿನ ಕಡೆ ಹೋಗಿ, ‘ಭಾಯ್, ಮೂಳೆ ಜಾಸ್ತಿ ಹಾಕ್ಬೇಡ್ರಿ’ ಅಂತ ಜಗಳ ಆಡಿ ದನದ ಬಾಡು ತರುತ್ತಿದ್ದಳು. ಸಿನಿಮಾದವರಿಗೆ ಮುಸ್ಲಿಮನ ತಟ್ಟೆ ವಿಚಿತ್ರ ಇರಬಹುದು, ನಮಗೆ ಅದು ನಮ್ಮದೇ ತಟ್ಟೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಯಾವ ರಾಸನ್ನೂ ಕಡಿಯುವ ಹಾಗಿಲ್ಲ. ಆ ಕಾನೂನು ಭಾಯ್ ಅಂಗಡಿಯ ಕತ್ತಿಗೆ ಬಿದ್ದಷ್ಟೇ ನಮ್ಮವ್ವನ ಒಲೆಗೂ ಬಿತ್ತು.

ಹಾಗಂತ ಕೇರಿಗೂ ಮೊಹಲ್ಲಾಕ್ಕೂ ಜಗಳವೇ ಇಲ್ಲ ಎಂದು ಬೊಗಳೆ ಬಿಡಲಾರೆ. 2020ರ ಆಗಸ್ಟ್ 11ರ ರಾತ್ರಿ ಇದೇ ಪೂರ್ವ ಭಾಗದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿಕೊಂಡಿತು. ದಲಿತ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಬೆಂಕಿ ಇಟ್ಟರು. ಪೊಲೀಸರ ಗುಂಡಿಗೆ ಮುಸ್ಲಿಂ ಹುಡುಗರು ಸತ್ತರು. ತಪ್ಪು ಮಾಡಿದವರನ್ನು ತಪ್ಪು ಅನ್ನಲೇಬೇಕು. ಆದರೆ ಲೆಕ್ಕ ಹಾಕಿ ನೋಡಿ: ಸುಟ್ಟ ಮನೆ ನಮ್ಮವನದು, ಬಿದ್ದ ಹೆಣ ಪಕ್ಕದ ಬೀದಿಯದು. ಚಳಿ ಕಾಯಿಸಿಕೊಂಡವರು ಯಾರೋ. ಇದು ಒಂದು ಮ್ಯಾಚಿನಲ್ಲಿ ಮುಗಿಯುವ ಜಗಳವಲ್ಲ.

ಹೋದ ವರ್ಷ ಗೆಳೆಯನೊಬ್ಬನ ಜೊತೆ ರೂಮು ಹುಡುಕಿಕೊಂಡು ಅಲೆದೆ. ಇಂದಿರಾನಗರದ ಬಾಡಿಗೆ ನಮ್ಮ ಜೇಬಿಗೆ ಎಟುಕದ್ದು, ಕೆ.ಆರ್. ಪುರದ ಕಡೆ ಹೋದೆವು. ಅವನು ಮುಸ್ಲಿಂ. ಮನೆಯೊಡತಿ ಅವನ ಹೆಸರು ಕೇಳಿದರು. ಅಲ್ಲಿಗೆ ಮುಗಿಯಿತು: ‘ಅಯ್ಯೋ, ನಿನ್ನೇನೇ ಅಡ್ವಾನ್ಸ್ ತಗೊಂಡ್ಬಿಟ್ವಲ್ಲಪ್ಪಾ.’ ಮಾರನೇ ದಿನ ಅದೇ ಬೋರ್ಡು ನೋಡಿ ನಾನೊಬ್ಬನೇ ಹೋದೆ. ನನ್ನ ಹೆಸರಿಂದ ಅವರಿಗೆ ಏನೂ ಸಿಗಲಿಲ್ಲ. ‘ಯಾವೂರು?’ ಅಂದರು. ಕೋಲಾರದ ಕಡೆ ಅಂದೆ. ‘ಊಟ ಗೀಟ ಹೆಂಗೆ? ಯಾವ ಜನ ನೀವು?’ ಹೇಳಿದೆ. ಅಡ್ವಾನ್ಸು ಮತ್ತೆ ಯಾರೋ ಕೊಟ್ಟುಬಿಟ್ಟಿದ್ದರು. ಅವನಿಗೆ ಒಂದು ಪ್ರಶ್ನೆ, ನನಗೆ ಮೂರು. ಇಬ್ಬರೂ ಬಸ್‌ಸ್ಟಾಪಿನಲ್ಲಿ ಕೂತು ಇದನ್ನೇ ಹೇಳಿಕೊಂಡು ನಕ್ಕೆವು.

ತೇಜಸ್ವಿಯವರನ್ನು ದೂರುವ ಉದ್ದೇಶ ನನಗಿಲ್ಲ. 1974ರಲ್ಲಿ ಮೈಸೂರಿನ ಬರಹಗಾರರ ಒಕ್ಕೂಟ ಕಟ್ಟಿದವರ ಜೊತೆ ನಿಂತ ಮನುಷ್ಯ, ಜಾತಿಯನ್ನು ಮುಖಕ್ಕೆ ಹೊಡೆದಂತೆ ಬೈದವರು. ಚಿತ್ರ ಮಾಡಿದ ಹುಡುಗರ ಮನಸ್ಸೂ ಒಳ್ಳೆಯದೇ. ನನ್ನ ತಕರಾರು ಇಷ್ಟಕ್ಕೇ ಸಮಾಧಾನ ಪಟ್ಟುಕೊಂಡು ಮನೆಗೆ ಹೋದ ಪ್ರೇಕ್ಷಕನ ಮೇಲೆ. ಚಿತ್ರ ಬರುವುದಕ್ಕೆ ಒಂದು ವರ್ಷ ಹಿಂದೆ ಇದೇ ನಾಡಿನಲ್ಲಿ ಏನಾಯಿತು? ಉಡುಪಿಯಲ್ಲಿ ಶುರುವಾಗಿ, 2022ರ ಫೆಬ್ರವರಿ 5ರ ಸರ್ಕಾರಿ ಆದೇಶದಿಂದ ರಾಜ್ಯಕ್ಕೆಲ್ಲಾ ಹಬ್ಬಿ, ತಲೆಗೆ ಬಟ್ಟೆ ಕಟ್ಟಿದ ಹುಡುಗಿಯರು ಗೇಟಿನ ಹೊರಗೆ ನಿಂತರು. ಮಾರ್ಚ್ 15ಕ್ಕೆ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಆ ಹುಡುಗಿಯರು ಯಾವ ಡೇರ್‌ಡೆವಿಲ್ಲುಗಳೂ ಅಲ್ಲ. ಪರೀಕ್ಷೆ ಬರೆಯಬೇಕು ಅಂದರು, ಅಷ್ಟೇ. ಅವರಿಗಾಗಿ ಅಳದವರು ಥಿಯೇಟರಿನಲ್ಲಿ ಮುಸ್ತಾಫಾನಿಗೆ ಶಿಳ್ಳೆ ಹೊಡೆದರು.

ಆದರೆ ಆ ಫೆಬ್ರವರಿಯಲ್ಲೇ ಇನ್ನೊಂದೂ ನಡೆಯಿತು. ತೇಜಸ್ವಿಯವರದೇ ಜಿಲ್ಲೆ, ಚಿಕ್ಕಮಗಳೂರು. ಅಲ್ಲಿನ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜಿನ ಅಂಗಳದಲ್ಲಿ ಒಂದು ಕಡೆ ಕೇಸರಿ ಶಾಲು. ಇನ್ನೊಂದು ಕಡೆ ನಮ್ಮ ಹುಡುಗರು ನೀಲಿ ಶಾಲು ಹೊದ್ದು, ಜೈ ಭೀಮ್ ಕೂಗುತ್ತಾ ಆ ಹುಡುಗಿಯರ ಪರ ನಿಂತರು. ಅವರಿಗೆ ಕ್ರಿಕೆಟ್ ಬರುತ್ತಾ ಅಂತ ಕೇಳಲಿಲ್ಲ. ಅಬಚೂರಿನ ತರಗತಿಯಲ್ಲಿ ನಾನು ಹುಡುಕಿದ ಕೇರಿಯ ಹುಡುಗ ಅಲ್ಲಿದ್ದ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಈ ಚಿತ್ರವನ್ನು ನಿಮ್ಮ ಮಕ್ಕಳಿಗೆ ತೋರಿಸಿ, ಖಂಡಿತ ತೋರಿಸಿ. ಅಡುಗೆಯಾಕೆ ದಲಿತಳೆಂದು ಮಕ್ಕಳ ಟಿ.ಸಿ. ತೆಗೆದುಕೊಂಡು ಹೋದ ಸುದ್ದಿ 2025ರಲ್ಲೂ ಚಾಮರಾಜನಗರದ ಕಡೆಯಿಂದ ಬಂತಲ್ಲ, ಅದನ್ನೂ ಅದೇ ದಿನ ಓದಿ ಹೇಳಿ. ಆಮೇಲೆ ಬಿಸಿಯೂಟಕ್ಕೆ ಬಿಡಿ. ಯಾರು ಯಾರ ಪಕ್ಕ ತಟ್ಟೆ ಇಟ್ಟುಕೊಂಡು ಕೂತರು ಅಂತ ನೋಡಿ ನಮ್ಮ ಪತ್ರಿಕೆಗೆ ಬರೆಯಿರಿ.