ಮುಚ್ಚಳ ತೆಗೆಯದ ಗಡಿಯಾರಪ್ರೇಮ

ಹಳೆಯ ಜೇಬುಗಡಿಯಾರ, ಎಚ್‌ಎಂಟಿ ಕೈಗಡಿಯಾರಗಳ ಬಗ್ಗೆ ಈಗ ಬರುತ್ತಿರುವ ಬರಹಗಳಿಗೆ ಲೆಕ್ಕವಿಲ್ಲ. ಅಜ್ಜ, ಕೀ ಕೊಡುವ ಸದ್ದು, ಒಂದಿಷ್ಟು ಕಣ್ಣೀರು. ಕೊನೆಗೆ ‘17 ಜ್ಯುವೆಲ್ಸ್’ ಎಂಬ ಹೆಮ್ಮೆ. ಆ ಹದಿನೇಳು ಕಲ್ಲು ಎಲ್ಲಿವೆ ಎಂದರೆ ಬರೆದವರು ತಡವರಿಸುತ್ತಾರೆ, ಮಾರುವವರು ಬೆಲೆ ಏರಿಸುತ್ತಾರೆ.

ನಮ್ಮ ದಂಡಿನಶಿವರದ ಕಡೆ ಯಾರೂ ಸಿಪ್ಪೆ ನೋಡಿ ಕೊಬ್ಬರಿಗೆ ಬೆಲೆ ಕಟ್ಟುವುದಿಲ್ಲ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಗಡಿಯಾರದ ವಿಷಯದಲ್ಲಿ ಮಾತ್ರ ಡಯಲ್ ಹೇಳಿದ್ದೇ ವೇದ!

ಲೆಕ್ಕವೇನೂ ಗುಟ್ಟಲ್ಲ. ಸಾಮಾನ್ಯ ಲಿವರ್ ಯಂತ್ರದಲ್ಲಿ ಬ್ಯಾಲೆನ್ಸ್ ಚಕ್ರದ ಅಕ್ಷಕ್ಕೆ ಮೇಲೆರಡು, ಕೆಳಗೆರಡು, ರೋಲರಿಗೆ ಒಂದು, ಪ್ಯಾಲೆಟ್ ಕವೆಯ ತುದಿಗಳಿಗೆ ಎರಡು: ಒಟ್ಟು 7. ಕವೆಯ ಅಕ್ಷ, ಎಸ್ಕೇಪ್ ಚಕ್ರ, ನಾಲ್ಕನೆಯ ಮತ್ತು ಮೂರನೆಯ ಚಕ್ರಗಳಿಗೆ ಎರಡೆರಡು ಸೇರಿದರೆ 15. ನಡುಚಕ್ರಕ್ಕೂ ಎರಡು ಕೂರಿಸಿದರೆ 17. ಇವು ಒಡವೆಯ ಕಲ್ಲುಗಳಲ್ಲ, ಉಕ್ಕಿನ ಮೊನೆ ಸವೆಯದೆ ತಿರುಗಲು ಕೊಟ್ಟ ಆಸರೆ. ಫ್ರಾನ್ಸಿನ ವೆರ್ನ್ಯೂಯ್ 1902ರಲ್ಲಿ ಕೃತಕ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಅವು ದುಬಾರಿಯೂ ಅಲ್ಲ. 1960ರ ದಶಕದಲ್ಲಿ ಕೆಲಸವಿಲ್ಲದ ಕಲ್ಲುಗಳನ್ನು ಸುತ್ತ ಜೋಡಿಸಿ ‘100 ಜ್ಯುವೆಲ್ಸ್’ ಎಂದು ಮಾರಿದ ಕಂಪನಿಗಳೂ ಇದ್ದವು. ಇನ್ನು ಹಳೆಯ ಸ್ವಿಸ್ ಬೆಳ್ಳಿ ಗಡಿಯಾರದ ಒಳಮುಚ್ಚಳದಲ್ಲಿ ‘ಸಿಲಿಂಡ್ರ್’ ಎಂದು ಕೊರೆದಿದ್ದರೆ ಅದು ಲಿವರೇ ಅಲ್ಲ. ಈ ಲೆಕ್ಕ ಅಲ್ಲಿ ನಡೆಯದು.

ನನ್ನ ಸಿಟ್ಟು ಇರುವುದು ಬಣ್ಣ ಹೊಡೆದ ಡಯಲ್‌ಗಳ ಮೇಲೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರದ ಕೆಲಸ ಆಮೇಲೆ ನಮ್ಮ ತುಮಕೂರಿಗೂ ಬಂತು. ಗಡಿಯಾರ ಕಂಪನಿಯನ್ನು ಮುಚ್ಚಲು ಸರ್ಕಾರ ಒಪ್ಪಿದ್ದು 2016ರಲ್ಲಿ. ಈಗ ಆ ಯಂತ್ರಗಳಿಗೇ ಹಸಿರು, ಕಿತ್ತಳೆ ಡಯಲ್ ಹಾಕಿ ‘ಅಪರೂಪದ್ದು’ ಎಂದು ಮಾರುತ್ತಾರೆ. ಹಸ್ತಪ್ರತಿಯ ಒಂದಕ್ಷರ ತಿದ್ದಿದರೆ ಹೌಹಾರುವ ನಾವು ಸಾಹಿತ್ಯದವರು ಇದನ್ನು ಕೊಂಡು ಫೋಟೋ ಹಾಕುತ್ತೇವೆ! ಯಾವ ಯಂತ್ರಕ್ಕೆ ಯಾವ ಡಯಲ್ ಇತ್ತು ಎಂಬುದು ಒಮ್ಮೆ ಅಳಿಸಿದರೆ ಅಳಿಸಿದಂತೆಯೇ. ಈ ಜಿಲ್ಲೆಯ ಕೈಗಳು ಮಾಡಿದ ಕೆಲಸಕ್ಕೆ ಉಳಿದಿರುವ ಸಾಕ್ಷಿ ಅದೇ.

ಮನೆಯಲ್ಲೊಂದು ಹಳೆಯ ಗಡಿಯಾರವಿದ್ದರೆ ರಿಪೇರಿಯವರ ಬಳಿ ಹಿಂದಿನ ಮುಚ್ಚಳ ತೆಗೆಸಿ. ಕವಚದ ಸಂಖ್ಯೆ ಬೇರೆ, ಯಂತ್ರದ ಸಂಖ್ಯೆ ಬೇರೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಕಾಣುವ ಕಲ್ಲುಗಳನ್ನು ಎಣಿಸಿ, ಡಯಲ್ ಅಡಿಯವು ಎಷ್ಟೆಂದು ಅವರನ್ನೇ ಕೇಳಿ. ಡಯಲ್ ಎಷ್ಟೇ ಮಾಸಿರಲಿ, ಹಾಗೆಯೇ ಬಿಡಿ.