ಕರಗಿಸಿದ ಮೇಲೆ ಎಲ್ಲಿಗೆ?

ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರಬಲ ನೈಟ್ರಿಕ್ ಆಮ್ಲಕ್ಕೆ ಹಾಕಿದ ಅಲ್ಯೂಮಿನಿಯಂ ಚೂರು ಕರಗದೆ ತಣ್ಣಗೆ ಕುಳಿತದ್ದನ್ನು ಕಂಡು ನಾನು ಬೆರಗಾಗಿದ್ದೆ. ಲೋಹದ ಮೈಮೇಲಿನ ತೆಳು ಆಕ್ಸೈಡ್ ಪೊರೆಯೇ ಅದಕ್ಕೆ ರಕ್ಷೆ ಎಂದು ಮೇಷ್ಟ್ರು ವಿವರಿಸಿದ್ದರು. ಅಮೆರಿಕದ ದಕ್ಷಿಣ ಕೆರೊಲಿನಾದ ಸವಾನಾ ನದಿ ಪರಮಾಣು ಕೇಂದ್ರದ ತಜ್ಞರನ್ನೂ ಕಾಡುವುದು ಇದೇ ಪೊರೆ.

ಸಂಶೋಧನಾ ರಿಯಾಕ್ಟರುಗಳಲ್ಲಿ ಉರಿದ, ಅಲ್ಯೂಮಿನಿಯಂ ಹೊದಿಕೆಯ ಯುರೇನಿಯಂ ಇಂಧನ ಅಲ್ಲಿನ ಕೊಳವೊಂದರಲ್ಲಿ ಮುಳುಗಿದೆ. 1953ರಲ್ಲಿ ಐಸೆನ್‌ಹೋವರ್ ಸಾರಿದ 'ಶಾಂತಿಗಾಗಿ ಅಣು' ನೀತಿಯ ಬೆನ್ನಲ್ಲೇ ಹೊರದೇಶಗಳಿಗೆ ಹೋಗಿ, ಮತ್ತೆ ತವರಿಗೆ ಮರಳಿದ ಇಂಧನವೂ ಅದರಲ್ಲಿದೆ. (ನಮ್ಮ ಟ್ರಾಂಬೆಯಲ್ಲಿ 2010ರಲ್ಲಿ ನಿಂತ ಸೈರಸ್ ರಿಯಾಕ್ಟರಿನ ಇಂಧನಕ್ಕೂ ಅಲ್ಯೂಮಿನಿಯಂ ಹೊದಿಕೆಯೇ ಇತ್ತು.) 1955ರಲ್ಲಿ ಕೆಲಸ ಆರಂಭಿಸಿದ ಎಚ್ ಕ್ಯಾನ್ಯನ್ ಎಂಬ ದಪ್ಪ ಗೋಡೆಯ ಕಟ್ಟಡದಲ್ಲಿ, ದೂರದಿಂದಲೇ ಕ್ರೇನ್ ನಡೆಸಿ, ಈ ಇಂಧನವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಪೊರೆಯನ್ನು ಮುರಿಯಲು ಪಾದರಸದ ಲವಣ ಬೇಕು. ಕರಗುವಾಗ ಹೊಮ್ಮುವ ಜಲಜನಕ ಸ್ಫೋಟಿಸುವ ಮಟ್ಟಕ್ಕೆ ಏರದಂತೆಯೂ ಕಾಯಬೇಕು.

ಹಿಂದೆ ಈ ದ್ರಾವಣದಿಂದ ಯುರೇನಿಯಂ ಬೇರ್ಪಡಿಸಿ, ಅದರ ಸಾಂದ್ರತೆ ತಗ್ಗಿಸಿ, ವಿದ್ಯುತ್ ಸ್ಥಾವರಗಳಿಗೆ ಕೊಡುತ್ತಿದ್ದರು. 2022ರಲ್ಲಿ ಆ ನೀತಿ ಬದಲಾಯಿತು. ಯುರೇನಿಯಂ ತೆಗೆಯದೆಯೇ ದ್ರಾವಣವನ್ನೆಲ್ಲ ತ್ಯಾಜ್ಯದ ತೊಟ್ಟಿಗಳಿಗೆ ಕಳಿಸಿ, ಅಲ್ಲಿಂದ ಗಾಜಾಗಿಸುವುದೆಂದು ತೀರ್ಮಾನವಾಯಿತು. ಕೊಳ ಬೇಗ ಖಾಲಿಯಾಗುತ್ತದೆ, ಖರ್ಚೂ ಉಳಿಯುತ್ತದೆ ಎಂಬುದು ವಾದ.

ಇದನ್ನು ದುಂದುವೆಚ್ಚವೆಂದು ನಾನು ಕರೆಯಲಾರೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಕೊಳಗಳಲ್ಲಿ ಹೊದಿಕೆಗಳು ಕೊರೆದು ತೂತಾದದ್ದುಂಟು; ಬಾಂಬಿಗೂ ಒದಗಬಲ್ಲ ಯುರೇನಿಯಂ ನೀರಿನಡಿ ಹಾಗೆಯೇ ಬಿದ್ದಿರುವುದು ಯಾರಿಗೂ ಕ್ಷೇಮವಲ್ಲ. ನನ್ನ ತಕರಾರು ಬೇರೆ. ಕೊಳ ಬರಿದಾದುದನ್ನೇ ಸಾಧನೆಯೆಂದು ಎಣಿಸಲಾಗುತ್ತಿದೆ. ಘನವಾಗಿದ್ದ ವಿಕಿರಣವೆಲ್ಲ ದ್ರವವಾಗಿ ಹರಿಯುವುದು ಹಳೆಯ ಉಕ್ಕಿನ ತೊಟ್ಟಿಗಳಿಗೆ. ಅವುಗಳಲ್ಲಿ ಕೆಲವು ಸೋರಿದ ದಾಖಲೆಯಿದೆ. ಜೊತೆಗೆ ಹೋದ ಪಾದರಸ ವಿಕಿರಣದಂತೆ ಕಾಲಕ್ರಮದಲ್ಲಿ ಕ್ಷೀಣಿಸುವುದಿಲ್ಲ. ಮುಂದಿನ ಸಂಸ್ಕರಣೆಯ ಪ್ರತಿ ಹಂತದಲ್ಲೂ ತಲೆನೋವಾಗುತ್ತದೆ. ಗಾಜಿನ ಡಬ್ಬಿಗಳನ್ನು ಕೊನೆಗೆ ಹುಗಿಯಲು ಅಮೆರಿಕದಲ್ಲಿ ಶಾಶ್ವತ ತಾಣವೂ ಇಲ್ಲ.

ಆದ್ದರಿಂದ ಎಷ್ಟು ಇಂಧನ ಕರಗಿತು ಎಂಬ ಲೆಕ್ಕದೊಡನೆ ಅದರಲ್ಲಿ ಎಷ್ಟು ಗಾಜಾಯಿತು, ತೊಟ್ಟಿಗಳಲ್ಲಿ ಎಷ್ಟು ಪಾದರಸ ಸೇರಿತು ಎಂಬುದನ್ನೂ ವರ್ಷವರ್ಷ ಜನರ ಮುಂದಿಡಬೇಕು. ಗಾಜು ಮಾಡುವ ಕೆಲಸ ಹಿಂದೆ ಬಿದ್ದರೆ ಕರಗಿಸುವುದನ್ನೂ ನಿಲ್ಲಿಸಬೇಕು.